ಬೇಸಾಯ ಮೊದಲು, ಜಮೀನು ಆಮೇಲೆ: ಸ್ವಂತ ನೆಲದವರೆಗಿನ ದಾರಿ

ಕೃಷಿಗೆ ಇಳಿಯಬೇಕು ಎಂದುಕೊಂಡವರಲ್ಲಿ ಹೆಚ್ಚಿನವರು ಮೊದಲು ಜಮೀನು ಹುಡುಕಲು ಹೊರಡುತ್ತಾರೆ. ಇದ್ದಬದ್ದ ಉಳಿತಾಯವನ್ನೆಲ್ಲ ಅದಕ್ಕೆ ಸುರಿಯುತ್ತಾರೆ. ಸಾಲದ್ದಕ್ಕೆ ಸಾಲ ಮಾಡುತ್ತಾರೆ. ಕಾಗದಕ್ಕೆ ಸಹಿ ಬೀಳುವ ಹೊತ್ತಿಗೆ ಬೀಜಕ್ಕೆ, ಬೇಲಿಗೆ, ಮೋಟಾರಿಗೆ ದುಡ್ಡಿರುವುದಿಲ್ಲ. ಬೆಳೆಯುವುದು ಇನ್ನೂ ಕೈಗೆ ಹತ್ತಿರುವುದಿಲ್ಲ. ಮಾರುವುದಂತೂ ಗೊತ್ತೇ ಇರುವುದಿಲ್ಲ. ಕಂತು ಮಾತ್ರ ಮುಂದಿನ ತಿಂಗಳಿಂದಲೇ ಶುರು.

ನಾನು ಹೇಳುವ ದಾರಿ ಇದರ ತಿರುವುಮುರುವು. ಮೊದಲು ಬೇರೆಯವರ ನೆಲದಲ್ಲಿ ಕೆಲಸ ಕಲಿಯಿರಿ. ಆಮೇಲೆ ಚಿಕ್ಕ ತುಂಡೊಂದನ್ನು ಹಿಡಿದು ವ್ಯಾಪಾರ ಕಟ್ಟಿ. ಪೈಸೆ ಪೈಸೆಗೂ ಲೆಕ್ಕ ಬರೆಯಿರಿ. ಜಮೀನಿಗೆ ಬೇಕಾದ ದುಡ್ಡು, ಪೂರ್ತಿ ಅಲ್ಲದಿದ್ದರೂ ಕಂತು ಕಟ್ಟುವಷ್ಟಾದರೂ, ಆ ಬೇಸಾಯದಿಂದಲೇ ಹುಟ್ಟಬೇಕು. ಇದಕ್ಕೆ ಐದಾರು ವರ್ಷ ಹಿಡಿಯಬಹುದು, ಹತ್ತೂ ಆಗಬಹುದು. ಕೇಳುವುದಕ್ಕೆ ನಿಧಾನ ಅನ್ನಿಸುತ್ತದೆ, ಅಲ್ವಾ? ಕಂತು ಕಟ್ಟಲಾಗದೆ ಕೊಂಡ ಜಮೀನನ್ನೇ ಮೂರನೇ ವರ್ಷ ಮಾರಿದವರನ್ನು ನೋಡಿದ ಮೇಲೆ ನನಗೆ ಇದು ನಿಧಾನ ಅನ್ನಿಸುವುದಿಲ್ಲ.

ಹೆಜ್ಜೆ 1: ಒಂದು ಪೂರ್ತಿ ವರ್ಷ ಬೇರೆಯವರ ಹೊಲದಲ್ಲಿ

ಒಂದು ವಾರದ ತರಬೇತಿ, ನಾಲ್ಕು ವಿಡಿಯೊ ಸಾಲವು. ಬಿತ್ತನೆಯಿಂದ ಕೊಯ್ಲಿನವರೆಗೆ, ಮಳೆಗಾಲದಿಂದ ಬೇಸಿಗೆಯವರೆಗೆ ಒಂದು ಸುತ್ತು ಪೂರ್ತಿ ಆಗಬೇಕು. ಕೂಲಿಗೋ, ಸಂಬಳಕ್ಕೋ, ಊಟಕ್ಕಷ್ಟೇ ಆದರೂ ಸರಿ, ಚೆನ್ನಾಗಿ ನಡೆಯುತ್ತಿರುವ ಒಂದು ಹೊಲದಲ್ಲಿ ಕೆಲಸ ಮಾಡಿ. ಚೆನ್ನಾಗಿ ನಡೆಯುತ್ತಿರುವುದು ಅಂದರೆ ನೋಡಲು ಚೆಂದ ಇರುವುದು ಅಂತಲ್ಲ. ಅದರಿಂದಲೇ ಒಂದು ಮನೆ ಬದುಕುತ್ತಿರಬೇಕು. ಬೇರೆ ಕಡೆಯ ಸಂಬಳದಲ್ಲಿ ನಡೆಯುವ ಹೊಲ ಕಲಿಸುವುದು ಬೇರೆಯದೇ ಪಾಠ.

ಅಲ್ಲಿ ಬೆಳೆಗಿಂತ ಜಾಸ್ತಿ ಗಮನಿಸಬೇಕಾದ್ದು ದಿನಚರಿಯನ್ನು. ಬೆಳಿಗ್ಗೆ ಮೊದಲು ಏನು ನೋಡುತ್ತಾರೆ, ಕೂಲಿಯವರು ಬರದ ದಿನ ಏನು ಬಿಡುತ್ತಾರೆ, ಮೋಟಾರು ಕೆಟ್ಟರೆ ಯಾರಿಗೆ ಫೋನ್ ಮಾಡುತ್ತಾರೆ, ಕೊಯ್ದ ಮಾಲನ್ನು ಎಷ್ಟು ಹೊತ್ತಿಗೆ ನೆರಳಿಗೆ ತರುತ್ತಾರೆ. ನಿಮ್ಮ ಬೆನ್ನು, ಮೊಣಕಾಲು ಈ ಕೆಲಸಕ್ಕೆ ಒಪ್ಪುತ್ತವಾ ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. ಒಪ್ಪದಿದ್ದರೆ ನಷ್ಟ ಒಂದು ವರ್ಷ ಮಾತ್ರ.

ಹೆಜ್ಜೆ 2: ಬಿತ್ತುವ ಮುಂಚೆ ಕೊಳ್ಳುವವರನ್ನು ಹುಡುಕಿ

‘ಏನು ಬೆಳೆದರೆ ಲಾಭ?’ ಎಂದು ಎಲ್ಲರೂ ಕೇಳುತ್ತಾರೆ. ‘ನನ್ನಿಂದ ಯಾರು, ವಾರಕ್ಕೆ ಎಷ್ಟು, ಯಾವ ತಿಂಗಳು ಕೊಳ್ಳುತ್ತಾರೆ?’ ಎಂದು ಕೇಳುವವರು ಕಡಿಮೆ. ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕರೆ ಮೊದಲನೆಯದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಹೋಟೆಲಿನವರು, ಅಂಗಡಿಯವರು, ನೇರವಾಗಿ ಮನೆಗೆ ಕೊಳ್ಳುವವರು, ಸಗಟು ಮಾರುಕಟ್ಟೆ, ಸಂಸ್ಕರಣೆ ಮಾಡುವವರು: ಒಬ್ಬೊಬ್ಬರ ಬೇಡಿಕೆ ಒಂದೊಂದು ಥರ. ಸಗಟಿನವರು ಎಷ್ಟು ತಂದರೂ ತೆಗೆದುಕೊಳ್ಳುತ್ತಾರೆ, ಬೆಲೆ ಅವರದು. ನೇರವಾಗಿ ಕೊಳ್ಳುವವರು ಒಳ್ಳೆಯ ಬೆಲೆ ಕೊಡುತ್ತಾರೆ, ಆದರೆ ವಾರವಾರವೂ ತಪ್ಪದೆ ಮಾಲು ಬೇಕು. ಒಂದೇ ದಿನ ಇಡೀ ಹೊಲ ಬಿತ್ತಿದರೆ ಒಂದೇ ವಾರ ಇಡೀ ಬೆಳೆ ಕೈಗೆ ಬರುತ್ತದೆ. ಹಾಗಾಗಿ ವಾರಕ್ಕೊಂದು ಪಾತಿಯಂತೆ ಸರದಿಯಲ್ಲಿ ಬಿತ್ತುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಿ. ಒಬ್ಬನೇ ಗಿರಾಕಿಗೆ ಅರ್ಧಕ್ಕಿಂತ ಜಾಸ್ತಿ ಮಾಲು ಹೋಗುತ್ತಿದ್ದರೆ ನೀವು ಅವನ ಕೆಲಸಗಾರರು, ಸಂಬಳ ಮಾತ್ರ ಖಾತ್ರಿ ಇಲ್ಲ.

ಮುಂಗಡ ತೆಗೆದುಕೊಳ್ಳುವ ಪದ್ಧತಿಯೂ ಇದೆ. ಜಪಾನಿನಲ್ಲಿ 1970ರ ದಶಕದಲ್ಲಿ ಬೆಳೆಯುವವರೂ ಕೊಳ್ಳುವ ಮನೆಗಳೂ ‘ತೆಯ್ಕೆಯ್’ ಎಂಬ ನೇರ ಒಪ್ಪಂದ ಮಾಡಿಕೊಂಡರು. ಅಮೆರಿಕದಲ್ಲಿ 1986ರಲ್ಲಿ ಶುರುವಾದ ಇಂಥದೇ ವ್ಯವಸ್ಥೆಯಲ್ಲಿ ಗಿರಾಕಿಗಳು ಹಂಗಾಮಿನ ಆರಂಭದಲ್ಲೇ ದುಡ್ಡು ಕೊಟ್ಟು, ಪ್ರತಿ ವಾರ ಬೆಳೆಯ ಪಾಲು ಪಡೆಯುತ್ತಾರೆ. ಬೀಜ ಗೊಬ್ಬರಕ್ಕೆ ಬಡ್ಡಿ ಇಲ್ಲದ ದುಡ್ಡು ಸಿಕ್ಕಹಾಗೆ. ಆದರೆ ಮೊದಲನೇ ವರ್ಷವೇ ಇದಕ್ಕೆ ಕೈ ಹಾಕಬೇಡಿ. ಬೆಳೆ ಕೈಕೊಟ್ಟರೆ ದುಡ್ಡು ವಾಪಸ್ ಕೊಡಬಹುದು, ನಂಬಿಕೆ ವಾಪಸ್ ಬರುವುದಿಲ್ಲ.

ಹೆಜ್ಜೆ 3: ಲೆಕ್ಕದ ಪುಸ್ತಕ

ಜಮೀನು ಕೊಳ್ಳುವ ದಾರಿಯಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದ ಸಲಕರಣೆ ಒಂದು ದಪ್ಪ ನೋಟುಪುಸ್ತಕ. ಮಣ್ಣಿನ ಕೈಯ ಗುರುತಿದ್ದರೂ ಪರವಾಗಿಲ್ಲ, ಅದೇ ದಿನ ಬರೆಯಬೇಕು. ದುಡ್ಡು ಬಂದದ್ದು, ಹೋದದ್ದು ಎಲ್ಲರೂ ಬರೆಯುತ್ತಾರೆ. ಗಂಟೆ ಬರೆಯುವವರು ಕಡಿಮೆ. ಅಸಲು ಗುಟ್ಟು ಗಂಟೆಯಲ್ಲೇ ಇದೆ.

ಒಂದು ಲೆಕ್ಕ ನೋಡಿ. ಒಂದೇ ಅಳತೆಯ ಎರಡು ತುಂಡು ನೆಲ. ಒಂದರಲ್ಲಿ ಟೊಮೆಟೊ, ಇನ್ನೊಂದರಲ್ಲಿ ಸೊಪ್ಪು. ಟೊಮೆಟೊದಿಂದ 100 ಬಂತು, 55 ಖರ್ಚಾಯಿತು, ಉಳಿದದ್ದು 45 ಎಂದಿಟ್ಟುಕೊಳ್ಳಿ. ಸೊಪ್ಪಿನಿಂದ 70 ಬಂತು, 20 ಖರ್ಚಾಯಿತು, ಉಳಿದದ್ದು 50. ಸೊಪ್ಪೇ ವಾಸಿ ಅನ್ನಿಸುತ್ತದೆ. ಈಗ ಗಂಟೆ ನೋಡಿ. ಟೊಮೆಟೊಗೆ ನೀವು ದುಡಿದದ್ದು 90 ಗಂಟೆ, ಸೊಪ್ಪಿಗೆ 200 ಗಂಟೆ. ಕೀಳುವುದು, ತೊಳೆಯುವುದು, ಕಟ್ಟು ಕಟ್ಟುವುದು, ಎಲ್ಲ ಸೇರಿ. ಟೊಮೆಟೊ ಗಂಟೆಗೆ 0.5 ಕೊಟ್ಟಿತು, ಸೊಪ್ಪು 0.25. ಅಂದರೆ ಅರ್ಧ ಕೂಲಿ.

ಹಾಗಂತ ಸೊಪ್ಪು ಬಿಟ್ಟುಬಿಡಿ ಅನ್ನುತ್ತಿಲ್ಲ. ಅದು ಮೂವತ್ತು ನಲವತ್ತು ದಿನಕ್ಕೆ ನೆಲ ಬಿಟ್ಟುಕೊಡುತ್ತದೆ, ಟೊಮೆಟೊ ನಾಲ್ಕು ತಿಂಗಳು ಕುಳಿತಿರುತ್ತದೆ. ನೆಲ ಚಿಕ್ಕದಿದ್ದು ಮನೆಯಲ್ಲಿ ಕೈ ಜಾಸ್ತಿ ಇದ್ದರೆ ಸೊಪ್ಪು, ಒಬ್ಬರೇ ದುಡಿಯುವವರಾದರೆ ಬೇರೆ ಏನಾದರೂ. ಹೀಗೆ ಪ್ರತಿ ಬೆಳೆಯನ್ನೂ ನೆಲ, ಗಂಟೆ, ದಿನ ಮೂರರಲ್ಲೂ ತೂಗಿ. ನಿಮ್ಮ ದುಡಿಮೆಗೆ ಕೂಲಿ ಹಾಕದೆ ‘ಲಾಭ ಬಂತು’ ಎಂದು ಹೇಳಿಕೊಳ್ಳುವುದು ಸುಮ್ನೆ ಸಮಾಧಾನ ಅಷ್ಟೇ.

ಎರಡನೆಯದು, ತಿಂಗಳ ಪಟ್ಟಿ. ಹನ್ನೆರಡು ತಿಂಗಳಿಗೂ ಒಂದೊಂದು ಮನೆ ಎಳೆದು, ಆ ತಿಂಗಳು ಬರುವುದರಲ್ಲಿ ಹೋಗುವುದನ್ನು ಕಳೆಯಿರಿ. ಮೊದಲ ತಿಂಗಳು 10 ಕೊರತೆ, ಎರಡನೇ ತಿಂಗಳು 15, ಮೂರನೇ ತಿಂಗಳು 8 ಕೊರತೆ, ನಾಲ್ಕನೇ ತಿಂಗಳು 5 ಉಳಿಕೆ, ಐದನೇ ತಿಂಗಳು 30 ಉಳಿಕೆ ಅನ್ನಿ. ಐದು ತಿಂಗಳ ಕೊನೆಗೆ ನೀವು 2 ಲಾಭದಲ್ಲಿದ್ದೀರಿ. ಆದರೆ ಮೂರನೇ ತಿಂಗಳ ಕೊನೆಗೆ 33ರ ಗುಂಡಿಯಲ್ಲಿದ್ದಿರಿ. ಆ 33 ಕೈಯಲ್ಲಿಲ್ಲದೆ ಶುರು ಮಾಡಿದರೆ, ಲಾಭದ ಬೆಳೆಯನ್ನೇ ಅರ್ಧಕ್ಕೆ ಬಿಡಬೇಕಾಗುತ್ತದೆ. ಇಲ್ಲವೇ ಕಂಡವರ ಬಳಿ ಕಂಡ ಬಡ್ಡಿಗೆ ಸಾಲ ತರಬೇಕಾಗುತ್ತದೆ. ನಿಮಗೆ ಬೇಕಾದ ಬಂಡವಾಳ ಎಷ್ಟು ಅನ್ನುವುದಕ್ಕೆ ಆ ಗುಂಡಿಯ ಆಳವೇ ಉತ್ತರ.

ಮೂರನೆಯದು, ಮುಕ್ಕಾಲು ಲೆಕ್ಕ. ಮುಂದಿನ ಹಂಗಾಮಿನ ಅಂದಾಜು ಹಾಕುವಾಗ ಇಳುವರಿ ಮುಕ್ಕಾಲು ಪಾಲು ಬಂತು, ಬೆಲೆಯೂ ಮುಕ್ಕಾಲು ಪಾಲು ಸಿಕ್ಕಿತು ಎಂದು ಹಿಡಿಯಿರಿ. ಮುಕ್ಕಾಲರ ಮುಕ್ಕಾಲು ಎಷ್ಟು? ಶೇ. 56. ಅರ್ಧಕ್ಕಿಂತ ಚೂರು ಜಾಸ್ತಿ. ಆ ವರ್ಷವೂ ಮನೆ ನಡೆದು, ಮುಂದಿನ ಬೀಜಕ್ಕೆ ದುಡ್ಡು ಉಳಿಯುತ್ತದಾದರೆ ನಿಮ್ಮ ಬೇಸಾಯ ಗಟ್ಟಿ.

ಈ ಪುಸ್ತಕಕ್ಕೆ ಇನ್ನೊಂದು ಉಪಯೋಗ ಇದೆ. ಸಾಲ ಕೇಳಲು ಹೋದಾಗ ‘ನಾನು ಚೆನ್ನಾಗಿ ಬೆಳೆಯುತ್ತೇನೆ’ ಎಂಬ ಮಾತಿಗೆ ಬೆಲೆ ಇಲ್ಲ. ಮೂರು ವರ್ಷದ ಲೆಕ್ಕ ಮೇಜಿನ ಮೇಲಿಟ್ಟರೆ ಮಾತು ಬೇರೆ. ಮನೆಯ ಖರ್ಚಿಗೂ ಹೊಲದ ಖರ್ಚಿಗೂ ಬೇರೆ ಬೇರೆ ಬ್ಯಾಂಕ್ ಖಾತೆ ಇರಲಿ, ಮೊದಲ ತಿಂಗಳಿಂದಲೇ.

ಹೆಜ್ಜೆ 4: ಗುತ್ತಿಗೆ, ಆದರೆ ಕಾಗದದ ಮೇಲೆ

ನಾನು ಮೊದಲು ಹಿಡಿದದ್ದು ಅರ್ಧ ಎಕರೆ. ಒಪ್ಪಂದ ಬಾಯಿಮಾತಿನದು. ‘ನಿಮ್ಮದೇ ಅಂದುಕೊಂಡು ಮಾಡಿ’ ಎಂದರು ಜಮೀನಿನವರು. ನಾನು ಹಾಗೇ ಅಂದುಕೊಂಡೆ. ಕಳೆ ತುಂಬಿದ್ದ ನೆಲ ಹಸನು ಮಾಡಿ, ಗೊಬ್ಬರ ತುಂಬಿ, ಬೇಲಿ ಹಾಕಿ, ಪೈಪ್‌ಲೈನ್ ಎಳೆದೆ. ಎರಡನೇ ವರ್ಷದ ಕೊಯ್ಲಾಯಿತು. ನೆಲ ಚೆನ್ನಾಗಾಗಿದೆ, ಇನ್ನು ನಾವೇ ಮಾಡಿಕೊಳ್ಳುತ್ತೇವೆ ಎಂದು ಫೋನ್ ಬಂತು. ಹೂತ ಪೈಪನ್ನು ಅಗೆದು ತೆಗೆಯುವ ಖರ್ಚು ಪೈಪಿನ ಬೆಲೆಗಿಂತ ಜಾಸ್ತಿ ಇತ್ತು. ಅಲ್ಲೇ ಬಿಟ್ಟು ಬಂದೆ. ಅವರ ಮೇಲೆ ಸಿಟ್ಟು ಬಂದದ್ದು ನಿಜ. ಆದರೆ ಒಂದು ಹಾಳೆ ಕಾಗದ ಬರೆಯದೆ ಇದ್ದದ್ದು ನಾನೇ.

ಕಾಗದ ಬರೆಯುವ ಮುಂಚೆ ನಿಮ್ಮ ಕಡೆಯ ಕಾನೂನು ನೋಡಿ, ಏಕೆಂದರೆ ಇದು ಜಾಗದಿಂದ ಜಾಗಕ್ಕೆ ಪೂರ್ತಿ ಬದಲಾಗುತ್ತದೆ. ಫ್ರಾನ್ಸಿನಲ್ಲಿ ಸಾಮಾನ್ಯ ಕೃಷಿ ಗುತ್ತಿಗೆಗೆ ಕನಿಷ್ಠ ಅವಧಿ 9 ವರ್ಷ. ಇಂಗ್ಲೆಂಡಿನಲ್ಲಿ 1995ರ ಕಾಯ್ದೆ ಬಂದ ಮೇಲೆ ಅವಧಿಯನ್ನು ಎರಡೂ ಕಡೆಯವರು ಕೂತು ತೀರ್ಮಾನಿಸಬಹುದು. ಕರ್ನಾಟಕದಲ್ಲಿ 1974ರ ಭೂ ಸುಧಾರಣೆಯ ನಂತರ, ಕೆಲವು ವಿನಾಯಿತಿ ಬಿಟ್ಟರೆ, ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೇ ನಿಷೇಧ. ಇಂಥ ಕಡೆ ಜಮೀನಿನವರಿಗೆ ‘ಉಳುವವನೇ ಒಡೆಯ ಆಗಿಬಿಟ್ಟರೆ?’ ಎಂಬ ಭಯ, ಉಳುವವರಿಗೆ ಕಾಗದ ಇಲ್ಲದ ಭಯ. ವಕೀಲರೊಬ್ಬರನ್ನು ಕೇಳಿ, ಪಾಲುದಾರಿಕೆ, ಜಂಟಿ ಬೇಸಾಯ, ಇಲ್ಲವೇ ಸಂಬಳ ಹಾಗೂ ಲಾಭದ ಪಾಲು, ಇವುಗಳಲ್ಲಿ ಕಾನೂನು ಒಪ್ಪುವುದು ಯಾವುದು ಎಂದು ತಿಳಿದುಕೊಂಡೇ ಮುಂದೆ ಹೋಗಿ.

ಕಾನೂನು ಒಪ್ಪುವ ಕಡೆ, ಕಾಗದದಲ್ಲಿ ಅವಧಿ ಮತ್ತು ಹಣ ಇದ್ದೇ ಇರುತ್ತವೆ. ಮರೆತುಹೋಗುವುದು ಬೇರೆ ವಿಷಯಗಳು. ಬಿಡಿಸುವ ನೋಟಿಸು ಎಷ್ಟು ತಿಂಗಳ ಮುಂಚೆ ಕೊಡಬೇಕು? ಬೆಳೆ ಹೊಲದಲ್ಲಿದ್ದರೆ ಕೊಯ್ಲಿನವರೆಗೆ ಬಿಡುತ್ತಾರಾ? ನೀರು ಎಷ್ಟು ಹೊತ್ತು, ಕರೆಂಟ್ ಬಿಲ್ ಯಾರದು? ಹೊಲದಲ್ಲಿರುವ ಮರದ ಫಸಲು ಯಾರಿಗೆ? ಜಮೀನಿನವರು ತೀರಿಕೊಂಡರೆ, ಇಲ್ಲವೇ ಮಾರಿದರೆ, ಗುತ್ತಿಗೆ ಮುಂದುವರಿಯುತ್ತದಾ?

ನೀವು ಹಾಕಿದ ಬಂಡವಾಳದ ಮಾತಂತೂ ಅಂಕಿ ಸಮೇತ ಬರೆಯಲೇಬೇಕು. ಸುಲಭದ ದಾರಿ ಇದು: ಹನಿ ನೀರಾವರಿಗೆ ಐದು ವರ್ಷದ ಆಯಸ್ಸು ಎಂದು ಇಬ್ಬರೂ ಒಪ್ಪಿಕೊಳ್ಳಿ. ಮೂರು ವರ್ಷಕ್ಕೆ ಬಿಡಿಸಿದರೆ ಉಳಿದ ಎರಡು ವರ್ಷದ ಪಾಲು, ಅಂದರೆ ಖರ್ಚಿನ ಐದನೇ ಎರಡು ಭಾಗ, ಜಮೀನಿನವರು ಕೊಡಬೇಕು. ಹೀಗೆ ಬರೆದುಕೊಂಡರೆ ಜಗಳಕ್ಕೆ ಜಾಗವೇ ಇರುವುದಿಲ್ಲ. ಒಪ್ಪದಿದ್ದರೆ ಎತ್ತಿಕೊಂಡು ಹೋಗುವಂಥದ್ದನ್ನು ಮಾತ್ರ ಹಾಕಿ. ಪೈಪು ನೆಲದ ಮೇಲೆಯೇ ಇರಲಿ, ನೆರಳು ಪರದೆಯ ಕಂಬಗಳು ಬಿಚ್ಚುವಂತಿರಲಿ.

ಹಣದ ಬದಲು ಬೆಳೆಯ ಪಾಲು ಕೊಡುವ ಪದ್ಧತಿ ಹೊಸಬರಿಗೆ ಒಳ್ಳೆಯದು. ಬೆಳೆ ಹೋದ ವರ್ಷ ನಷ್ಟದಲ್ಲೂ ಪಾಲು ಹಂಚಿಹೋಗುತ್ತದೆ. ಕೈ ಪಳಗಿದ ಮೇಲೆ ಅದೇ ದುಬಾರಿ. ನೀವು ಗೊಬ್ಬರ ಹಾಕಿ ಇಳುವರಿ ಹೆಚ್ಚಿಸಿದಷ್ಟೂ ಅವರ ಪಾಲು ಬೆಳೆಯುತ್ತದೆ. ಆಗ ನಿಗದಿತ ಹಣಕ್ಕೆ ಬದಲಾಯಿಸಿಕೊಳ್ಳಿ.

ಹೆಜ್ಜೆ 5: ಸ್ವಂತಕ್ಕೆ ಹೋಗುವ ಬೇರೆ ಬೇರೆ ದಾರಿ

ದುಡ್ಡು ಕೂಡಿಟ್ಟು ಒಂದೇ ಸಲ ಕೊಳ್ಳುವುದು ಎಲ್ಲರಿಗೂ ಗೊತ್ತಿರುವ ದಾರಿ. ಅದಕ್ಕಿಂತ ಹತ್ತಿರದವು ಇವೆ.

ಗುತ್ತಿಗೆ ಮಾಡುತ್ತಿರುವ ನೆಲವನ್ನೇ ಕೊಳ್ಳುವುದು ನನ್ನ ಮೊದಲ ಆಯ್ಕೆ. ಆ ಮಣ್ಣು, ಆ ನೀರು, ಆ ಪಕ್ಕದವರು ನಿಮಗೆ ಗೊತ್ತು. ಗುತ್ತಿಗೆ ಕಾಗದದಲ್ಲೇ ಇದಕ್ಕೆ ಬೀಜ ಹಾಕಿಡಬಹುದು. ಎರಡು ಬಗೆ ಇದೆ, ಜನ ಇವನ್ನು ಒಂದೇ ಅಂದುಕೊಳ್ಳುತ್ತಾರೆ. ಒಂದು, ‘ಮಾರುವುದಾದರೆ ಮೊದಲು ನಿಮ್ಮನ್ನೇ ಕೇಳುತ್ತೇನೆ’ ಎಂಬ ಮಾತು. ಇದರಲ್ಲಿ ಅವರು ಮಾರಬೇಕೆಂದೇನೂ ಇಲ್ಲ, ಬೆಲೆಯೂ ಆ ದಿನದ್ದು. ಇನ್ನೊಂದು, ‘ಇಂಥ ವರ್ಷದೊಳಗೆ ಇಂಥ ಬೆಲೆಗೆ ನೀವು ಕೇಳಿದರೆ ಕೊಡಲೇಬೇಕು’ ಎಂಬ ಕರಾರು. ಎರಡನೆಯದಕ್ಕೆ ಮುಂಗಡವಾಗಿ ಸ್ವಲ್ಪ ಹಣ ಕೊಡಬೇಕಾಗಬಹುದು. ನೆಲದ ಬೆಲೆ ಏರುತ್ತಿರುವ ಕಡೆ ಆ ಹಣ ದಂಡವಲ್ಲ.

ಮಾರುವವರಿಗೇ ಕಂತಿನಲ್ಲಿ ಕೊಡುವುದು ಇನ್ನೊಂದು. ವಯಸ್ಸಾದ ರೈತರಿಗೆ ಒಂದೇ ಸಲ ದೊಡ್ಡ ಮೊತ್ತಕ್ಕಿಂತ ವರ್ಷ ವರ್ಷ ಬರುವ ಆದಾಯ ಇಷ್ಟವಾಗಬಹುದು. ಹಕ್ಕು ನಿಮ್ಮ ಹೆಸರಿಗೆ ಯಾವಾಗ ಬರುತ್ತದೆ, ಒಂದು ಕಂತು ತಪ್ಪಿದರೆ ಕಟ್ಟಿದ್ದೆಲ್ಲ ಹೋಗುತ್ತದಾ ಎಂಬುದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ. ನೋಂದಣಿಯೂ ಆಗಲಿ.

ಮಕ್ಕಳು ಬೇರೆ ಕೆಲಸ ಹಿಡಿದಿರುವ ಹಿರಿಯ ರೈತರ ಜೊತೆ ಪಾಲುದಾರರಾಗಿ ಸೇರುವುದೂ ಒಂದು ದಾರಿ. ಮೊದಲು ದನಕರು, ಯಂತ್ರ, ಬೆಳೆಯಲ್ಲಿ ಪಾಲು, ನಂತರ ನೆಲದಲ್ಲಿ. ಇಲ್ಲಿ ಮಾತಾಡಬೇಕಾದ್ದು ಆ ಹಿರಿಯರ ಜೊತೆ ಮಾತ್ರ ಅಲ್ಲ. ಆ ಮಕ್ಕಳನ್ನೂ ಕೂರಿಸಿಕೊಂಡು ಮಾತಾಡಿ. ಇಪ್ಪತ್ತು ವರ್ಷ ಹೊಲದ ಕಡೆ ತಲೆ ಹಾಕದವರೂ ಪಾಲಿನ ಮಾತು ಬಂದಾಗ ಬಂದೇ ಬರುತ್ತಾರೆ.

ಎಲ್ಲವನ್ನೂ ಕೊಳ್ಳಲೇಬೇಕೆಂದಿಲ್ಲ. ಮನೆ, ಬಾವಿ, ಉಗ್ರಾಣ ಇರುವ ಚಿಕ್ಕ ತುಂಡು ಸ್ವಂತದ್ದಾಗಿ, ಸುತ್ತಲಿನ ನೆಲ ಗುತ್ತಿಗೆಯದ್ದಾಗಿದ್ದರೂ ಬೇಸಾಯ ಭದ್ರವಾಗಿ ನಿಲ್ಲುತ್ತದೆ. ಬಾವಿ ಯಾರದ್ದೋ ಅವರದ್ದೇ ಮಾತು ನಡೆಯುವುದು.

ನಾಲ್ಕು ಜನ ಸೇರಿ ಕೊಳ್ಳುವವರೂ ಇದ್ದಾರೆ. ಸ್ನೇಹಿತರ ಗುಂಪು ಅಂದಮೇಲೆ ಉತ್ಸಾಹ ಜಾಸ್ತಿ, ಬರಹ ಕಡಿಮೆ. ಒಬ್ಬರು ಬಿಟ್ಟುಹೋದರೆ ಅವರ ಪಾಲಿನ ಬೆಲೆ ಹೇಗೆ ಕಟ್ಟುತ್ತೀರಿ, ಯಾರು ಕೊಳ್ಳಬೇಕು, ಎಷ್ಟು ದಿನದೊಳಗೆ, ಇಷ್ಟಕ್ಕೆ ಉತ್ತರ ಸಿಗದೆ ಮುಂಗಡ ಕೊಡಬೇಡಿ. ಸಮುದಾಯದ ಹೆಸರಲ್ಲಿ ನೆಲ ಹಿಡಿಯುವ ಟ್ರಸ್ಟುಗಳೂ ಇವೆ. ಫ್ರಾನ್ಸಿನಲ್ಲಿ 2003ರಲ್ಲಿ ಶುರುವಾದ ‘ತೆರ್ ದ ಲಿಯಾಂ’ ಜನರಿಂದ ಷೇರು ಸಂಗ್ರಹಿಸಿ ನೆಲ ಕೊಂಡು ಹೊಸ ರೈತರಿಗೆ ದೀರ್ಘಾವಧಿಗೆ ಗುತ್ತಿಗೆ ಕೊಡುತ್ತದೆ. ಅಮೆರಿಕದ ಜಾರ್ಜಿಯಾದಲ್ಲಿ 1969ರಲ್ಲಿ ಕಪ್ಪು ರೈತರು ಕಟ್ಟಿದ ‘ನ್ಯೂ ಕಮ್ಯುನಿಟೀಸ್’ ಸಾವಿರಾರು ಎಕರೆ ಹಿಡಿದಿತ್ತು. ಬರಗಾಲ ಬಂತು. ಬೇರೆ ರೈತರಿಗೆ ಸಿಕ್ಕ ತುರ್ತು ಸಾಲ ಇವರಿಗೆ ಹೊತ್ತಿಗೆ ಸಿಗಲಿಲ್ಲ. 1985ರಲ್ಲಿ ನೆಲ ಸಾಲಕ್ಕೆ ಹೋಯಿತು. ನೆಲ ಎಲ್ಲರದ್ದೂ ಆಗಿದ್ದರೂ ಕಂತು ಕಂತೇ.

ಸರ್ಕಾರದ ನೆರವನ್ನೂ ಹುಡುಕಿ. ಅಮೆರಿಕದ ಸರ್ಕಾರಿ ಕೃಷಿ ಸಾಲದಲ್ಲಿ ಹೊಸ ರೈತರು ಕೈಯಿಂದ ಶೇ. 5 ಹಾಕಿದರೆ ಸಾಕಾಗುವ ಯೋಜನೆ ಇದೆ. ಆದರೆ ಹೊಲ ನಡೆಸಿದ ಅನುಭವ ತೋರಿಸಬೇಕು. ಮತ್ತೆ ಆ ನೋಟುಪುಸ್ತಕಕ್ಕೇ ಬಂದೆವು ನೋಡಿ.

ಹೆಜ್ಜೆ 6: ಈ ನೆಲ ತನ್ನ ಸಾಲ ತಾನೇ ತೀರಿಸುತ್ತದಾ?

ಜಮೀನಿನ ಬೆಲೆ 100 ಎಂದಿಟ್ಟುಕೊಳ್ಳಿ. 30 ನಿಮ್ಮದು, 70 ಸಾಲ. ಬಡ್ಡಿ ಶೇ. 10, ಅವಧಿ 15 ವರ್ಷ, ವರ್ಷಕ್ಕೊಂದು ಸಮಾನ ಕಂತು. ಕಂತು ಸುಮಾರು 9.2 ಆಗುತ್ತದೆ. ಮೊದಲ ವರ್ಷ ಅದರಲ್ಲಿ 7 ಬಡ್ಡಿಗೇ ಹೋಗುತ್ತದೆ, ಅಸಲು ಇಳಿಯುವುದು 2.2 ಮಾತ್ರ. 15 ವರ್ಷದಲ್ಲಿ ಕಟ್ಟುವುದು 138. ಕೈಯಿಂದ ಹಾಕಿದ 30 ಸೇರಿದರೆ 100ರ ನೆಲಕ್ಕೆ 168.

ಈಗ ನಿಮ್ಮ ಪುಸ್ತಕ ತೆಗೆಯಿರಿ. ಖರ್ಚು, ನಿಮ್ಮ ಕೂಲಿ ಎಲ್ಲ ಕಳೆದು ಅಷ್ಟೇ ಅಳತೆಯ ನೆಲದಿಂದ ವರ್ಷಕ್ಕೆ ಎಷ್ಟು ಉಳಿದಿದೆ? 12 ಉಳಿದಿದ್ದರೆ, ಮುಕ್ಕಾಲು ಲೆಕ್ಕದ ವರ್ಷ ಏನಾಗುತ್ತದೆ ನೋಡಿ. 5 ಉಳಿದಿದ್ದರೆ ಅಲ್ಲಿಗೇ ನಿಲ್ಲಿಸಿ. ಬೆಲೆ ಇಳಿಯಬೇಕು, ಇಲ್ಲವೇ ಕೈಯಿಂದ ಹಾಕುವ ದುಡ್ಡು ಹೆಚ್ಚಬೇಕು, ಇಲ್ಲವೇ ಇನ್ನೂ ಚಿಕ್ಕ ತುಂಡು ನೋಡಬೇಕು. ಊರು ಬೆಳೆಯುವ ಕಡೆ ನೆಲದ ಬೆಲೆ ಬೆಳೆಯ ಆದಾಯಕ್ಕೆ ಸಂಬಂಧವೇ ಇಲ್ಲದಂತೆ ಏರಿರುತ್ತದೆ. ಅದು ಸೈಟಿನ ಬೆಲೆ. ಬೇಸಾಯದಿಂದ ಅದನ್ನು ತೀರಿಸಲು ಹೊರಡುವುದು ಬೇಡ.

ಕಂತು ಕಟ್ಟುವ ತಿಂಗಳು ಕೊಯ್ಲಿನ ನಂತರ ಬರುವಂತೆ ಕೇಳಿ. ಬ್ಯಾಂಕಿನವರು ಇದಕ್ಕೆ ಒಪ್ಪುವುದುಂಟು, ಕೇಳುವವರು ಕಡಿಮೆ ಅಷ್ಟೇ.

ಹೆಜ್ಜೆ 7: ನೀರು, ಆಮೇಲೆ ಮಣ್ಣು

ಜಮೀನು ತೋರಿಸುವವರು ಮಳೆಗಾಲ ಮುಗಿದ ಕೂಡಲೇ ಕರೆಯುತ್ತಾರೆ. ಹಸಿರು ತುಂಬಿರುತ್ತದೆ, ಬಾವಿಯಲ್ಲಿ ನೀರು ಕೈಗೆಟಕುವಂತಿರುತ್ತದೆ. ನೋಡಿ ಬನ್ನಿ, ತೀರ್ಮಾನ ಮಾತ್ರ ಬೇಸಿಗೆಗೆ ಇಟ್ಟುಕೊಳ್ಳಿ. ಜೋರು ಮಳೆ ಬಂದ ಮರುದಿನವೂ ಒಮ್ಮೆ ಹೋಗಿ. ನೀರು ಎಲ್ಲಿ ನಿಲ್ಲುತ್ತದೆ, ಮೇಲಿನ ಹೊಲದಿಂದ ಏನು ಹರಿದು ಬರುತ್ತದೆ ಎಂದು ಆ ದಿನವೇ ಕಾಣುವುದು.

ಬೇಸಿಗೆಯ ಕೊನೆಯಲ್ಲಿ 200 ಲೀಟರಿನ ಡ್ರಮ್ ಮತ್ತು ಗಡಿಯಾರ ತೆಗೆದುಕೊಂಡು ಹೋಗಿ. ಮೋಟಾರು ಹಾಕಿಸಿ. ಮೊದಲ ಐದು ನಿಮಿಷದ ನೀರನ್ನು ನಂಬಬೇಡಿ, ಅದು ರಾತ್ರಿಯೆಲ್ಲ ಕೂಡಿದ್ದು. ಮೂರು ಗಂಟೆ ಓಡಿದ ಮೇಲೆ ಡ್ರಮ್ ತುಂಬಲು ಎಷ್ಟು ಹೊತ್ತು ಬೇಕು ನೋಡಿ. 200 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ ಒಂದು ಲೀಟರ್, ಗಂಟೆಗೆ 3,600 ಲೀಟರ್. ದಿನಕ್ಕೆ ಆರು ಗಂಟೆ ಕರೆಂಟ್ ಇದ್ದರೆ 21,600 ಲೀಟರ್.

ಸಾಕಾ? ಒಣ ಬಿಸಿಲಿನ ದಿನ ಬೆಳೆದು ನಿಂತ ತರಕಾರಿ ಸುಮಾರು 5 ಮಿಲಿಮೀಟರ್ ನೀರು ಕುಡಿಯುತ್ತದೆ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಅಂದರೆ 4,047 ಲೀಟರ್, ಐದಕ್ಕೆ ಇಪ್ಪತ್ತು ಸಾವಿರ ಚಿಲ್ಲರೆ. ಅಂದರೆ ಹನಿ ನೀರಾವರಿ ಇದ್ದರೆ ಈ ಬಾವಿ ಒಂದು ಎಕರೆಯ ಹತ್ತಿರ ಹತ್ತಿರ ಸಾಕುತ್ತದೆ. ಕಾಲುವೆಯಲ್ಲಿ ಹರಿಸಿದರೆ ಅರ್ಧ ನೀರು ದಾರಿಯಲ್ಲೇ ಇಂಗುತ್ತದೆ, ಹಾಗಾಗಿ ಅರ್ಧ ಎಕರೆಗೆ. ಮೂರು ಎಕರೆ ನೀರಾವರಿ ಜಮೀನು ಎಂದು ಬೆಲೆ ಹೇಳುತ್ತಿದ್ದರೆ, ಒಂದು ಎಕರೆ ನೀರಾವರಿ ಮತ್ತು ಎರಡು ಎಕರೆ ಖುಷ್ಕಿ ಎಂದು ಬೆಲೆ ಕಟ್ಟಿ. ನಾನು ಈ ಡ್ರಮ್ ಹಿಡಿದು ಹೋದ ಕಡೆಯೆಲ್ಲ ಬೆಲೆಯ ಮಾತು ಮೆತ್ತಗಾಗಿದೆ.

ಅದೇ ನೀರನ್ನು ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕೊಡಿ. ವಿದ್ಯುತ್ ವಾಹಕತೆ 0.7ಕ್ಕಿಂತ ಕಡಿಮೆ ಇದ್ದರೆ ಉಪ್ಪಿನ ಚಿಂತೆ ಇಲ್ಲ. 3 ದಾಟಿದರೆ ಹೆಚ್ಚಿನ ತರಕಾರಿಗೆ ಆ ನೀರು ಆಗುವುದಿಲ್ಲ. ಎರಡರ ನಡುವೆ ಇದ್ದರೆ ಬೆಳೆ ನೋಡಿ ಆರಿಸಬೇಕು. ಈ ಅಂಕಿಗಳು ಮೀಟರಿಗೆ ಡೆಸಿಸೀಮೆನ್ಸ್ ಲೆಕ್ಕದಲ್ಲಿ. ವರದಿಯಲ್ಲಿ ಸೆಂಟಿಮೀಟರಿಗೆ ಮೈಕ್ರೊಸೀಮೆನ್ಸ್ ಎಂದಿದ್ದರೆ ಸಾವಿರದಿಂದ ಭಾಗಿಸಿ.

ಮಣ್ಣಿಗೆ ಗುದ್ದಲಿ ಬೇಕು. ಎರಡು ಮೂರು ಕಡೆ ಮೊಣಕಾಲುದ್ದ ಗುಂಡಿ ತೆಗೆಯಿರಿ. ಕಲ್ಲು ಎಷ್ಟು ಕೆಳಗೆ ಸಿಗುತ್ತದೆ, ಬೇರು ಎಲ್ಲಿಯವರೆಗೆ ಇಳಿದಿದೆ, ಗಟ್ಟಿ ಪದರ ಇದೆಯಾ ಎಂದು ಕಣ್ಣಿಗೇ ಕಾಣುತ್ತದೆ. ಒಂದು ಹಿಡಿ ಮಣ್ಣು ಒದ್ದೆ ಮಾಡಿ ಹೆಬ್ಬೆರಳಿಂದ ಒತ್ತುತ್ತಾ ಪಟ್ಟಿ ಎಳೆಯಿರಿ. ಎರಡೂವರೆ ಸೆಂಟಿಮೀಟರ್ ಆಗುವ ಮುಂಚೆ ಮುರಿದರೆ ಹಗುರ ಮಣ್ಣು. ಐದು ಸೆಂಟಿಮೀಟರ್ ದಾಟಿದರೂ ಮುರಿಯದಿದ್ದರೆ ಜೇಡಿ, ಅಲ್ಲಿ ಮಳೆಗಾಲದ ಉಳುಮೆ ಕಷ್ಟ. ಗುಂಡಿಗೆ ನೀರು ತುಂಬಿ, ಇಂಗಿದ ಮೇಲೆ ಮತ್ತೆ ತುಂಬಿ ನೋಡಿ. ಗಂಟೆಗೆ ಎರಡೂವರೆ ಸೆಂಟಿಮೀಟರ್ ಕೂಡ ಇಳಿಯದಿದ್ದರೆ ಬೇರು ಕೊಳೆಯುವ ನೆಲ ಅದು.

ಪರೀಕ್ಷೆಗೆ ಕೊಡುವ ಮಣ್ಣನ್ನು ಹತ್ತು ಹದಿನೈದು ಕಡೆಯಿಂದ, 15 ಸೆಂಟಿಮೀಟರ್ ಆಳದವರೆಗೆ, ಅಂಕುಡೊಂಕಾಗಿ ನಡೆಯುತ್ತಾ ತೆಗೆಯಿರಿ. ಬದುವಿನ ಅಂಚು, ಮರದ ನೆರಳು, ಗೊಬ್ಬರ ಗುಡ್ಡೆ ಇದ್ದ ಜಾಗ ಬೇಡ. ಎಲ್ಲ ಬೆರೆಸಿ ಅರ್ಧ ಕಿಲೊ ಕೊಟ್ಟರೆ ಸಾಕು. ರಸಸಾರ, ಅಂದರೆ ಮಣ್ಣಿನ ಹುಳಿ-ಕ್ಷಾರ ತೋರಿಸುವ ಪಿಎಚ್ ಅಂಕಿ, 6ರಿಂದ 7.5ರ ಒಳಗಿದ್ದರೆ ನೆಮ್ಮದಿ. 5.5ಕ್ಕಿಂತ ಕೆಳಗಿದ್ದರೆ ಸುಣ್ಣದ ಖರ್ಚು, 8.5 ದಾಟಿದರೆ ಜಿಪ್ಸಂ ಮತ್ತು ಅದನ್ನು ತೊಳೆಯುವಷ್ಟು ಒಳ್ಳೆಯ ನೀರು. ಸಾರ ಕಡಿಮೆ ಇದ್ದರೆ ಹೆದರಬೇಡಿ, ಕೆಲವು ವರ್ಷದಲ್ಲಿ ಸರಿಪಡಿಸಬಹುದು. ಆಳವಿಲ್ಲದ ನೆಲವನ್ನು ಮಾತ್ರ ಯಾರೂ ಆಳ ಮಾಡಿಕೊಡಲಾರರು.

ಹೆಜ್ಜೆ 8: ಕಾಗದ, ದಾರಿ, ಗಡಿ

ಮೊದಲು, ನೀವು ಅಲ್ಲಿ ಕೃಷಿ ಜಮೀನು ಕೊಳ್ಳಬಹುದಾ ಎಂದು ತಿಳಿದುಕೊಳ್ಳಿ. ಜಪಾನಿನಲ್ಲಿ ಸ್ಥಳೀಯ ಕೃಷಿ ಸಮಿತಿಯ ಒಪ್ಪಿಗೆ ಬೇಕು. ಫ್ರಾನ್ಸಿನಲ್ಲಿ ಮಾರಾಟಕ್ಕೆ ಬಂದ ಜಮೀನನ್ನು ಮೊದಲು ಕೊಳ್ಳುವ ಹಕ್ಕು ‘ಸಾಫೇರ್’ ಎಂಬ ಸಂಸ್ಥೆಗಳಿಗಿದೆ. ಕರ್ನಾಟಕದಲ್ಲಿ ಕೃಷಿಕರಲ್ಲದವರು ಕೊಳ್ಳುವುದಕ್ಕಿದ್ದ ತಡೆಯನ್ನು 2020ರಲ್ಲಿ ತೆಗೆದರು.

ಆಮೇಲೆ ಮೂಲಪತ್ರದಿಂದ ಇವತ್ತಿನವರೆಗೆ ಕೈ ಬದಲಾದ ಸರಪಳಿ, ಅಡಮಾನ, ಕೋರ್ಟು ತಕರಾರು ಎಲ್ಲವನ್ನೂ ವಕೀಲರಿಗೆ ಬಿಡಿ. ಮಾರುವವರ ವಕೀಲರಿಗಲ್ಲ, ನಿಮ್ಮವರಿಗೆ. ಪಿತ್ರಾರ್ಜಿತ ಆಸ್ತಿಯಾದರೆ ಹಕ್ಕಿರುವ ಎಲ್ಲರ ಸಹಿ ಬೇಕು, ಮದುವೆಯಾಗಿ ಹೋದ ಹೆಣ್ಣುಮಕ್ಕಳದ್ದೂ ಸೇರಿ.

ವಕೀಲರಿಗೆ ಕಾಣದ್ದು ಎರಡಿದೆ. ಒಂದು ದಾರಿ. ಇವತ್ತು ಟ್ರ್ಯಾಕ್ಟರ್ ಹೋಗುತ್ತಿರುವ ದಾರಿ ಪಕ್ಕದವರ ಒಳ್ಳೆಯತನದಿಂದ ಇರುವುದಾ, ಕಾಗದದಲ್ಲಿ ಇರುವುದಾ ಎಂದು ಕೇಳಿ. ಮಾಲು ತುಂಬಿದ ಗಾಡಿ ಮಳೆಗಾಲದಲ್ಲಿ ಆಚೆ ಬರದಿದ್ದರೆ ಬೆಳೆದೂ ಪ್ರಯೋಜನವಿಲ್ಲ. ಇನ್ನೊಂದು, ಅಕ್ಕಪಕ್ಕದವರು. ಮಾರುವವರಿಲ್ಲದ ದಿನ ಸುಮ್ನೆ ಹೋಗಿ ಬದುವಿನ ಮೇಲೆ ಕೂತು ಮಾತಾಡಿಸಿ. ಯಾಕೆ ಮಾರುತ್ತಿದ್ದಾರೆ, ಬಾವಿ ಯಾವ ತಿಂಗಳು ಬತ್ತುತ್ತದೆ, ಕಾಡುಪ್ರಾಣಿ ಬರುತ್ತವಾ, ಯಾರ ಜೊತೆ ಗಡಿ ಜಗಳ ಇದೆ, ಎಲ್ಲ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಅಳತೆ ಮಾಡಿಸದೆ ಪೂರ್ತಿ ಹಣ ಕೊಡಬೇಡಿ. ಅಳತೆಯ ದಿನ ನಾಲ್ಕೂ ದಿಕ್ಕಿನವರನ್ನು ಕರೆಯಿರಿ, ಅವರ ಎದುರಿಗೇ ಗಡಿ ಕಲ್ಲು ನೆಡಿಸಿ, ಒಂದೊಂದು ಕಲ್ಲಿನ ಪಕ್ಕ ಅವರನ್ನು ನಿಲ್ಲಿಸಿ ಫೋಟೊ ತೆಗೆಯಿರಿ. ನೋಂದಣಿ ಮುಗಿದ ವಾರದಲ್ಲೇ ಕಂದಾಯ ದಾಖಲೆಗೆ ನಿಮ್ಮ ಹೆಸರು ಸೇರಿಸಲು ಅರ್ಜಿ ಕೊಡಿ. ಮೊದಲ ವರ್ಷ ಮನೆ ಕಟ್ಟುವುದು, ಹೊಸ ಟ್ರ್ಯಾಕ್ಟರ್ ತರುವುದು ಬೇಡ, ಒಂದು ಹಂಗಾಮಿನ ಖರ್ಚು ಬ್ಯಾಂಕಿನಲ್ಲಿ ಮುಟ್ಟದೆ ಇರಲಿ. ಹಳೆಯ ಗುತ್ತಿಗೆ ನೆಲವನ್ನೂ ಇನ್ನೊಂದು ವರ್ಷ ಬಿಡಬೇಡಿ. ಹೊಸ ಮಣ್ಣು ನಿಮ್ಮ ಕೈಗೆ ಒಗ್ಗುವವರೆಗೆ ಗಿರಾಕಿಗಳಿಗೆ ಮಾಲು ಅಲ್ಲಿಂದಲೇ ಹೋಗಬೇಕು.